ಆಸ್ಪತ್ರೆ ತಾನಾಗಿ ಕುಸಿಯಲಿಲ್ಲ

ಮಾನ್ಯ ಪ್ರಧಾನ ಸಂಪಾದಕರೇ,

ಕಳೆದ ಮಂಗಳವಾರ ಮಧ್ಯಾಹ್ನ ಒಂದು ಗಂಟೆಯ ವಾರ್ತೆಯಲ್ಲಿ ನಿಮ್ಮ ವಾಹಿನಿ ಹೇಳಿದ್ದು ಇಷ್ಟು: ‘ಯುದ್ಧಪೀಡಿತ ನಗರದಲ್ಲಿ ಆಸ್ಪತ್ರೆ ಕುಸಿದು ನಲವತ್ತೊಂದು ಸಾವು.’ ಇದು ಹಸಿ ಸುಳ್ಳು. ಗೆದ್ದಲು ಹಿಡಿದ ಬಾಗಿಲೇ ಅದು, ತಾನಾಗಿ ಕಳಚಿ ಬೀಳುವುದಕ್ಕೆ? ಪಶ್ಚಿಮದ ಮಿತ್ರಕೂಟದ ವಿಮಾನ ಎರಡು ಬಾಂಬ್ ಹಾಕಿ ಅದನ್ನು ಕೆಡವಿತು.

ಅದರ ಹಿಂದಿನ ವಾರ ಎದುರು ಪಕ್ಷದವರ ಕ್ಷಿಪಣಿ ಶಾಲೆಗೆ ಬಡಿದಾಗ ‘ರಾಕ್ಷಸರಿಂದ ಶಾಲೆ ಧ್ವಂಸ’ ಎಂದು ಹತ್ತೇ ನಿಮಿಷದಲ್ಲಿ ಸಾರಿದಿರಿ. ಆ ಶೀರ್ಷಿಕೆಗೆ ನನ್ನ ತಕರಾರಿಲ್ಲ. ಆ ಮಕ್ಕಳಿಗಾಗಿ ನಾನೂ ಅತ್ತೆ. ಆದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಏಕೆ? ಮಂಗಳವಾರ ಸಂಜೆ ಮಿತ್ರಕೂಟದ ವಕ್ತಾರರೇ ಕೋಟು ಸರಿಪಡಿಸಿಕೊಂಡು ‘ಗುರಿ ತಪ್ಪಿತು, ವಿಷಾದವಿದೆ’ ಎಂದರು. ಹೊಡೆದವರೇ ಒಪ್ಪಿಕೊಂಡ ಮೇಲೂ ನಿಮ್ಮ ಪರದೆಯ ಮೇಲೆ ಆಸ್ಪತ್ರೆ ಕುಸಿಯುತ್ತಲೇ ಇತ್ತು. ಅವರಿಗಿಲ್ಲದ ನಾಚಿಕೆ ನಿಮಗೇಕೆ, ಸ್ವಾಮಿ?

ಆ ಮಧ್ಯಾಹ್ನ ನಾನು ಮನೆಯಲ್ಲಿ ಅಮ್ಮನ ಜೊತೆ ಊಟಕ್ಕೆ ಕುಳಿತಿದ್ದೆ. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದವಳು. ಟಿವಿ ನೋಡಿ ತುತ್ತನ್ನು ಕೆಳಗಿಟ್ಟಳು.

“ಯಾವನೋ ಇದನ್ನ ಬರೆದೋನು? ಕೆಡವಿದ್ದು ಯಾರು ಅಂತಾನೇ ಇಲ್ವಲ್ಲ! ಕರ್ತೃ ಎಲ್ಲಿ? ನನ್ನ ಕ್ಲಾಸಲ್ಲಿ ಹೀಗೆ ಬರೆದಿದ್ರೆ ಕಿವಿ ಹಿಂಡ್ತಿದ್ದೆ.”

“ಊಟ ಮಾಡಮ್ಮ,” ಎಂದೆ.

“ಪುಟ್ಟಿ ಇರೋದೂ ಅದೇ ಊರಲ್ಲಿ ಕಣೋ. ಒಂದು ಫೋನ್ ಮಾಡು.”

ಪುಟ್ಟಿ ನನ್ನ ತಂಗಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ದಾದಿ. ಫೋನ್ ರಿಂಗಾಯಿತು, ಅವಳು ಎತ್ತಲಿಲ್ಲ. ಮೂರು ಗಂಟೆಗೆ ಅವಳ ಜೊತೆಯವಳೇ ಫೋನ್ ಮಾಡಿ ಅತ್ತಳು. ನಲವತ್ತೊಂದರಲ್ಲಿ ಪುಟ್ಟಿಯೂ ಒಬ್ಬಳು. ಕಳೆದ ತಿಂಗಳಷ್ಟೇ ‘ಅಣ್ಣಾ, ಆಸ್ಪತ್ರೆ ಮೇಲೆ ಯಾರಾದ್ರೂ ಬಾಂಬ್ ಹಾಕ್ತಾರಾ? ಸುಮ್ನಿರು’ ಎಂದು ನಕ್ಕಿದ್ದಳು.

ನಿಮ್ಮ ಅನುವಾದ ವಿಭಾಗದ ಗೋಡೆಗೆ ನೀವೇ ಸಹಿ ಹಾಕಿ ಅಂಟಿಸಿದ ಪದಪಟ್ಟಿ ಇದೆಯಲ್ಲ: ‘ಮಿತ್ರರ ದಾಳಿಗೆ: ಕುಸಿತ, ಸಾವು. ಶತ್ರುಗಳ ದಾಳಿಗೆ: ಧ್ವಂಸ, ಹತ್ಯೆ.’ ಅದರ ಕೆಳಗಿನ ಮೇಜಿನ ಮುಂದೆ ಹನ್ನೊಂದು ವರ್ಷದಿಂದ ಕೂರುವವನು ನಾನು. ಅಂದು ಬೆಳಿಗ್ಗೆ ನನ್ನ ಕೈಗೆ ಬಂದ ವರದಿಯಲ್ಲಿ ‘ಮಿತ್ರಕೂಟದ ವಾಯುದಾಳಿ’ ಎಂದು ಸ್ಪಷ್ಟವಾಗಿಯೇ ಇತ್ತು. ಪಟ್ಟಿ ನೋಡಿ ‘ಕುಸಿದು’ ಎಂದು ಬರೆದೆ. ಪಾಳಿ ಮುಗಿಸಿ ಊಟಕ್ಕೆ ಮನೆಗೆ ಹೋದೆ. ಥೂ, ನನ್ನ ಜನ್ಮಕ್ಕಿಷ್ಟು!

ಅಮ್ಮನಿಗೆ ಮಗಳು ಹೋದದ್ದು ಗೊತ್ತು. ಆ ಸಾಲು ಬರೆದದ್ದು ಮಗ ಎಂಬುದು ನಾನು ಮನೆಗೆ ಒಯ್ಯುವ ಈ ಪತ್ರದ ಪ್ರತಿ ಓದಿದಾಗಲೇ ಗೊತ್ತಾಗುತ್ತದೆ.

ನಿಮ್ಮ ಸಂತಾಪ ಬೇಡ. ಆ ಪಟ್ಟಿಯನ್ನು ಹರಿದು ಹಾಕಿ. ನಾಳೆ ಒಂದು ಗಂಟೆಯ ವಾರ್ತೆಯಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಈ ವಾಕ್ಯ ಬರಲಿ: ‘ಪಶ್ಚಿಮದ ಮಿತ್ರಕೂಟವು ಆಸ್ಪತ್ರೆಯ ಮೇಲೆ ಬಾಂಬ್ ಹಾಕಿ ನಲವತ್ತೊಂದು ಜನರನ್ನು ಕೊಂದಿತು.’ ಅಮ್ಮ ಈಗಲೂ ಆ ಹೊತ್ತಿಗೆ ಟಿವಿ ಹಾಕಿಕೊಂಡು ಕೂರುತ್ತಾಳೆ. ತಪ್ಪು ತಿದ್ದಿದ್ದೀರಾ ಎಂದು ನೋಡುತ್ತಾಳೆ.

ಇಂತಿ,
ಕಿವಿ ಹಿಂಡಿಸಿಕೊಳ್ಳಲು ಮನೆಗೆ ಹೊರಟಿರುವ,
ಆ ಸಾಲಿನ ಕರ್ತೃ