ಹೂಳೆತ್ತುವ ಹಡಗಿನವರಿಗೆ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಫೆಬ್ರವರಿ ೯

ನನ್ನವರಿಗೆ,

ಮೊದಲು ನಿಮ್ಮ ಕಿವಿಯ ವಿಷಯ. ಎಂಜಿನ್ ನಿಂತ ಮೇಲೂ ಒಳಗೆ ಗುಂಯ್ ಅನ್ನುತ್ತದೆ ಎಂದಿದ್ದಿರಲ್ಲ, ಡಾಕ್ಟರಿಗೆ ತೋರಿಸಿದಿರಾ? ಇಲ್ಲ, ಎಂದಿನಂತೆ ‘ತಾನಾಗೇ ಹೋಗುತ್ತೆ ಬಿಡು’ ಎಂದು ಕೂತಿದ್ದೀರಾ? ನಿಮ್ಮ ವಿಷಯದಲ್ಲಿ ತಾನಾಗೇ ಹೋಗುವುದು ರಜೆಯೊಂದೇ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಮಗಳ ಮುಂದಿನ ಹಲ್ಲು ಬಿದ್ದಿದೆ. ಅಪ್ಪ ಬಂದು ನೋಡುವ ತನಕ ಹೊಸದು ಬರಬಾರದು ಎಂದು ಹಟ ಹಿಡಿದಿದ್ದಾಳೆ. ಹಲ್ಲಿನ ಮುಂದೆ ಯಾರ ಹಟ ನಡೆಯುತ್ತದೆ ಹೇಳಿ. ನನಗೇನೂ ಆಗಿಲ್ಲ, ಸುಸ್ತು ಅಷ್ಟೇ. ಮಲಗಿ ಎದ್ದರೂ ಹೋಗದ ಸುಸ್ತು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನಾನು ಮೆತ್ತಗಾಗಿಬಿಡುತ್ತೇನೆ. ಅದಕ್ಕೇ ಕಾಗದ.

ನಮ್ಮ ಹಿನ್ನೀರಿನ ಹೂಳೆತ್ತುವ ಕೆಲಸ ನಿಮ್ಮ ಹಡಗಿಗೇ ಸಿಗಬಹುದು ಎಂದು ಕಳೆದ ರಜೆಯಲ್ಲಿ ಹೇಳಿ ಹೋದಿರಿ. ಅಂದಿನಿಂದ ಈ ಮನೆಯಲ್ಲಿ ಬೇರೆ ಮಾತೇ ಇಲ್ಲ. ‘ಈ ಸಲ ಡಬ್ಬಿ ಕಟ್ಟಿಸ್ಕೊಂಡು ಮನೆಯಿಂದ್ಲೇ ಕೆಲಸಕ್ಕೆ ಹೋಗ್ತೀನಿ ನೋಡು’ ಎಂದು ಅತ್ತೆಯ ಎದುರೇ ಅಂದಿರಲ್ಲ. ಅವರು ಮಾರನೆಯ ದಿನವೇ ತಮ್ಮ ಮಂಚವನ್ನು ಮುಂದಿನ ಕೋಣೆಗೆ ಎಳೆಸಿದರು, ಬೀರುವಿನಲ್ಲಿ ನಿಮ್ಮ ಅಂಗಿಗಳಿಗೆ ಜಾಗ ಮಾಡಿದರು, ಅಟ್ಟದ ಮೇಲಿದ್ದ ನಿಮ್ಮ ಹಳೆಯ ಊಟದ ಡಬ್ಬಿಯನ್ನು ಇಳಿಸಿ ಮುಖ ಕಾಣುವಂತೆ ಉಜ್ಜಿದರು. ಈಗಲೂ ವಾರಕ್ಕೊಮ್ಮೆ ಉಜ್ಜುತ್ತಾರೆ. ಅದು ಒಲೆಯ ಪಕ್ಕ ಕೂತು ನನ್ನನ್ನೇ ನೋಡುತ್ತಿದೆ. ಆ ಕೆಲಸ ಬೇಕೋ ಬೇಡವೋ ಎಂದು ಹೇಳಬೇಕಾದವಳು ತಮ್ಮ ಸೊಸೆಯೇ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ.

ಬಂದರಿನವರು ನಮ್ಮ ಪ್ರಯೋಗಾಲಯಕ್ಕೆ ಕೇಳಿದ್ದು ಒಂದೇ ಪ್ರಶ್ನೆ. ಹಳೆಯ ಕೊಳವೆ ಸೋರಿ ಹಿನ್ನೀರಿನ ತಳಕ್ಕಿಳಿದ ಎಣ್ಣೆಯನ್ನು ಕೆಸರಿನ ಸಮೇತ ಅಗೆದು ತೆಗೆಯಬೇಕೋ, ಇದ್ದಲ್ಲೇ ಬಿಡಬೇಕೋ? ಆ ಕೆಸರಿನಲ್ಲಿ ತುಸು ಕೆಳಗಿಳಿದರೆ ಸಾಕು, ಗಾಳಿಯ ಸುಳಿವೇ ಇಲ್ಲ. ಅಲ್ಲೂ ಬದುಕುವ ಸೂಕ್ಷ್ಮಜೀವಿಗಳಿವೆ. ನಮಗೆ ಆಮ್ಲಜನಕ ಹೇಗೋ ಅವಕ್ಕೆ ಉಪ್ಪುನೀರಿನಲ್ಲಿ ಕರಗಿರುವ ಸಲ್ಫೇಟ್ ಹಾಗೆ. ಅದನ್ನೇ ಉಸಿರಾಡಿಕೊಂಡು ಎಣ್ಣೆ ತಿನ್ನುತ್ತವೆ. ಎಣ್ಣೆಯ ಕಣವೇನು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಹಿಡಿ ಇಲ್ಲದ ಪಾತ್ರೆಗೆ ನಾವು ಇಕ್ಕಳ ಹಾಕುವಂತೆ ಅವೂ ಮೊದಲು ಅದಕ್ಕೊಂದು ಹಿಡಿ ಅಂಟಿಸಿಕೊಳ್ಳಬೇಕು, ಆಮೇಲೆ ತುಂಡರಿಸಬೇಕು. ಒಬ್ಬರ ಕೈಲಾಗುವ ಕೆಲಸವೂ ಅಲ್ಲ. ಒಂದರ ಎಂಜಲು ಇನ್ನೊಂದಕ್ಕೆ ಊಟ. ಸಲ್ಫೇಟ್ ತಲುಪದ ಆಳದಲ್ಲಿ ಕೊನೆಯ ಪಂಕ್ತಿಯಲ್ಲಿ ಕೂತವು ಉಳಿದದ್ದನ್ನು ಮೀಥೇನ್ ಅನಿಲ ಮಾಡಿ ಬಿಡುತ್ತವೆ. ಎಲ್ಲವೂ ನಿಧಾನ, ವರ್ಷಗಟ್ಟಲೆ ನಿಧಾನ. ನಮ್ಮ ಸಂಸಾರದ ಹಾಗೆ.

ನಮ್ಮ ಸೋಪಪ್ಪ ನೆನಪಿದ್ದಾನಲ್ಲ, ಸಿಂಕಿನ ನಲ್ಲಿಯನ್ನೂ ತೊಳೆದೇ ಮುಟ್ಟುವ ಸಹಾಯಕ? ಮೊದಲ ಸಲ ಕೆಸರಿನ ಬಾಟಲಿ ತುಂಬಿದ್ದು ಅವನೇ. ಗಾಳಿ ತಾಗದಂತೆ ಸಾರಜನಕ ತುಂಬಿ ರಬ್ಬರ್ ಬಿರಡೆ ಒತ್ತಿದ್ದ. ಗಾಳಿ ನುಸುಳಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ದ್ರಾವಣವನ್ನೂ ಹಾಕಿದ್ದ, ಒಂದೂ ತಿರುಗಲಿಲ್ಲ. ಕೆಲಸವೆಂದರೆ ಅವನದು ಅಷ್ಟು ಅಚ್ಚುಕಟ್ಟು. ಆದರೆ ತಿಂಗಳುಗಟ್ಟಲೆ ಕಾದರೂ ಎಣ್ಣೆ ಕಡಿಮೆಯಾಗಲಿಲ್ಲ. ಹೋಲಿಸಿ ನೋಡಲೆಂದು ಕುದಿಸಿ ಜೀವ ತೆಗೆದ ಕೆಸರಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಅಂದರೆ ಅಲ್ಲಿ ತಿನ್ನುವವರು ಯಾರೂ ಇಲ್ಲ, ಅಗೆಯಲೇಬೇಕು. ಅಂದರೆ ನೀವು ಬರುತ್ತೀರಿ. ನನಗೆ ಎಷ್ಟು ಖುಷಿಯಾಯಿತೆಂದರೆ ಬಸ್ಸಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದಲ್ಲಿದ್ದ ಹೆಂಗಸು ಸರಿದು ಕೂತಳು. ಅದಾದ ಮೇಲೊಂದು ದಿನ ಸೋಪಪ್ಪ ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಅಂದ: ‘ಆ ಗಲೀಜು ನೀರು ಯಾಕೆ ಮೇಡಂ ಅಂತ ಕೆಸರನ್ನ ಚೆನ್ನಾಗಿ ತೊಳ್ದು, ಬಟ್ಟಿ ಇಳಿಸಿದ ನೀರೇ ತುಂಬಿದೀನಿ.’ ಆ ಗಲೀಜು ಉಪ್ಪುನೀರಿನಲ್ಲೇ ರೀ ಅವುಗಳ ಉಸಿರು ಇದ್ದದ್ದು. ಅವನು ಶುದ್ಧ ಮಾಡಿ ಮಾಡಿ ಅವುಗಳ ಉಸಿರನ್ನೇ ತೊಳೆದು ಚೆಲ್ಲಿದ್ದ. ನಾನು ಕೇಳಿಸದವಳಂತೆ ಇದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇದ್ದುಬಿಡೋಣ ಅಂತಲೂ ಅನಿಸಿತು. ಮನೆಗೆ ಬಂದು ಆ ಡಬ್ಬಿ ನೋಡಿದಾಗ ಇನ್ನೂ ಜಾಸ್ತಿ ಅನಿಸಿತು. ಆದರೂ ಮರುದಿನ ದೋಣಿ ಹತ್ತಿ ಹೋಗಿ, ಹೊಸ ಕೆಸರಿನ ಜೊತೆ ಹಿನ್ನೀರನ್ನೂ ತಂದು, ಎಲ್ಲ ಮೊದಲಿನಿಂದ ಶುರುಮಾಡಿದೆವು.

ಈಗ ಆ ಬಾಟಲಿಗಳು ಕಪ್ಪಾಗಿವೆ. ಸೂಜಿ ಚುಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ, ಸಲ್ಫೇಟ್ ಉಸಿರಾಡಿ ಅವು ಹೊರಬಿಟ್ಟ ಗಾಳಿಯದು. ಸೋಪಪ್ಪ ಮೂಗು ಮುಚ್ಚಿಕೊಂಡು ಓಡಿದ, ನಾನು ಮಾತ್ರ ನಿಂತೇ ಇದ್ದೆ. ಅವು ಬದುಕಿವೆ, ತಿನ್ನುತ್ತಿವೆ. ಡಾಂಬರಿನಂಥ ಗಟ್ಟಿ ಭಾಗ ಹಾಗೇ ಇದೆ, ಮೊಮ್ಮಕ್ಕಳ ಕಾಲಕ್ಕೂ ಇದ್ದೀತು. ಆದರೆ ನೀರಿಗೆ ಸೇರಿ ಮೀನಿಗೆ ಕೆಡುಕು ಮಾಡುವ ಭಾಗ ಕಡಿಮೆಯಾಗುತ್ತಿದೆ. ಈಗ ಅಗೆದರೆ ತಳದಲ್ಲಿ ಹೂತದ್ದೆಲ್ಲ ಮೇಲೆದ್ದು ಇಡೀ ಹಿನ್ನೀರಿಗೆ ಹರಡುತ್ತದೆ. ನನ್ನ ಗಂಡ ಯಾವ ಹಡಗಿನಲ್ಲಿದ್ದಾರೆಂದು ಪ್ರಯೋಗಾಲಯದ ಮುಖ್ಯಸ್ಥರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ‘ಅಗೆಯೋದು ಬೇಡ ಅಂತ ನೀವೇ ಬರೆದ್ರೆ ಯಾರೂ ಅನುಮಾನ ಪಡಲ್ಲ ಬಿಡಿ’ ಎಂದರು. ನಾಳೆ ವರದಿ ಕೊಡಬೇಕು. ಮಧ್ಯಾಹ್ನದಿಂದ ಅದನ್ನು ಎದುರಿಗಿಟ್ಟುಕೊಂಡು ನಿಮಗೆ ಕಾಗದ ಬರೆಯುತ್ತಿದ್ದೇನೆ. ಬೇರೆಯವರ ಕೈಗೆ ಈ ವರದಿಯ ಕೆಲಸ ಹೋಗಬಾರದಿತ್ತೇ ಎಂದು ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳಲೂ ಸುಸ್ತು.

ಕಿವಿ ತೋರಿಸಿಕೊಳ್ಳಿ, ಮರೆಯಬೇಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಬೈಗುಳವನ್ನೂ. ಮಗಳು ಹಲ್ಲಿಲ್ಲದ ಮುತ್ತು ಕಳಿಸಿದ್ದಾಳೆ. ನನ್ನದು ನಿಮಗೆ ಗೊತ್ತೇ ಇದೆ.

ಇತಿ,
ನಿಮ್ಮ ಕೆಸರಮ್ಮ

ತಾ.ಕ.: ಸೋಮವಾರ. ಬಸ್ಸಿಗೆ ಕಾಯುತ್ತ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದೆ. ವರದಿ ಕೊಟ್ಟುಬಿಟ್ಟೆ. ಅಗೆಯಬೇಡಿ, ಕೆಸರನ್ನು ಕದಡಬೇಡಿ ಎಂದೇ ಬರೆದಿದ್ದೇನೆ. ನಿಮ್ಮ ಹಡಗು ಇಲ್ಲಿಗೆ ಬರುವುದಿಲ್ಲ. ಬೆಳಿಗ್ಗೆ ಅತ್ತೆ ಆ ಡಬ್ಬಿಯಲ್ಲಿ ನನಗೇ ಊಟ ಕಟ್ಟಿಕೊಟ್ಟರು, ‘ಅವನು ಬರೋ ತನಕ ನೀನೇ ತಗೊಂಡು ಹೋಗು’ ಎಂದು. ಚೀಲಕ್ಕೆ ಹಾಕಿಕೊಂಡು ಬಂದೆ. ಅವರಿಗೆ ನಾನು ಹೇಳಲಾರೆ, ನೀವೇ ಹೇಳಬೇಕು. ಫೋನಿನಲ್ಲಿ ಬೇಡ, ಬಂದು ಹೇಳಿ.