ಕೊನೆಯ ಸರದಿ ನಿನ್ನದು

ಮನೆಯ ಮಹಡಿಯಿಂದ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಎರಡು ವರ್ಷಕ್ಕೆ ವಾಪಸು ಕಳಿಸುತ್ತೇವೆ ಎಂದು ನಿನ್ನನ್ನು ಆ ಕಲ್ಲುಗಣಿಯ ದ್ವೀಪಕ್ಕೆ ಹಡಗು ಹತ್ತಿಸಿದರು. ಇದು ನಾಲ್ಕನೆಯ ವರ್ಷ. ವರ್ಷಕ್ಕೊಮ್ಮೆ ರಜೆ ಎಂದರು. ರಜೆ ಬಂತು, ಹಡಗು ಬರಲಿಲ್ಲ. ವಾರಕ್ಕೊಮ್ಮೆ ಫೋನು ಎಂದರು. ಫೋನಿಗೆಂದು ಕೋಣೆ ಕಟ್ಟಿದರು, ಬೀಗವನ್ನೂ ತಂದರು. ಧೂಳಿಗೆ ಮುಖವಾಡ ಕೊಡುತ್ತೇವೆ ಎಂದವರು ಕರವಸ್ತ್ರ ಕಟ್ಟಿಕೊಳ್ಳಿ ಎಂದರು. ಡಾಕ್ಟರು ಇರುತ್ತಾರೆ ಎಂದವರು ಮುಲಾಮಿನ ಡಬ್ಬಿ ಇಟ್ಟು ಹೋದರು. ಇಲ್ಲಿ ಉಪಗ್ರಹ ಸಂಘದವರು ನಮಗೆ ಕೊಟ್ಟಿದ್ದ ಮಾತು ಒಂದೇ. ಆಕಾಶದಲ್ಲಿ ಸುತ್ತುತ್ತಿರುವ ನಮ್ಮ ರೇಡಿಯೊ ಉಪಗ್ರಹ ಕೆಳಗೆ ಬೀಳುವ ತನಕ ಎಲ್ಲರದು, ಅದರ ಬಾಗಿಲನ್ನು ಯಾರಿಗೂ ಮುಚ್ಚುವುದಿಲ್ಲ ಎಂದಿದ್ದರು. ಈಗ ಅದನ್ನೂ ಮುಚ್ಚುತ್ತೇವೆ ಎನ್ನುತ್ತಿದ್ದಾರೆ.

ಹೇಗಿದ್ದೀಯ? ಕೆಮ್ಮು ಇಳಿಯಿತಾ? ಬಲಭುಜ ಮೇಲಕ್ಕೆ ಏಳುತ್ತಿಲ್ಲ ಅಂದಿದ್ದೆಯಲ್ಲ, ಈಗಲಾದರೂ ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದನ್ನು ಕಲಿತೆಯಾ, ಇಲ್ಲ ಎಂದಿನಂತೆ ಹಠವಾ? ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ. ಕೇಳದೇ ಬಿಟ್ಟರೆ ಒಪ್ಪಿಕೊಂಡ ಹಾಗಾಗುತ್ತದೆ. ನಾನು ಚೆನ್ನಾಗಿದ್ದೇನೆ. ತಂತಿ ಸುತ್ತುವ ಕಾಯಿಲ್ ಕಾರ್ಖಾನೆಯಲ್ಲಿ ಅದೇ ಬೆಂಚು, ಅದೇ ಸೂಪರ್‌ವೈಸರು, ಅವನ ಹೊಟ್ಟೆ ಮಾತ್ರ ಮುಂಬಡ್ತಿ ಪಡೆದಿದೆ. ಅಮ್ಮ ಇದ್ದಾಳೆ. ಅವಳ ಗಂಟಲಿನ ವಿಷಯ ಆಮೇಲೆ ಬರೆಯುತ್ತೇನೆ.

ನೀನು ರೇಡಿಯೊ ಕೈಸೆಟ್ಟಿನಲ್ಲಿ ಕೊನೆಯ ಸಲ ಸಿಕ್ಕ ಸಂಜೆ ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಅಮ್ಮಾ, ನಾಳೆ ನಾವೆಲ್ಲ ಆಫೀಸಿನ ಮುಂದೆ ಕೂರ್ತೀವಿ. ಹಡಗು ಯಾವಾಗ ಅಂತ ಹೇಳೋ ತನಕ ಏಳಲ್ಲ. ಏನಾಯ್ತು ಅಂತ ಸಂಜೆ ಹೇಳ್ತೀನಿ." ಅಷ್ಟರಲ್ಲಿ ಉಪಗ್ರಹ ದಿಗಂತದ ಕೆಳಗೆ ಮುಳುಗಿತು. ಆ ಸಂಜೆ ಬಂತು, ನಿನ್ನ ದನಿ ಬರಲಿಲ್ಲ. ಮಳೆಗಾಲ ಕಳೆಯಿತು, ಚಳಿ ಕಳೆಯಿತು, ಈಗ ಮಹಡಿಯ ನೆಲ ಕಾಲು ಸುಡುತ್ತಿದೆ. ಕಂಪನಿಯ ಕಚೇರಿಗೆ ನಾನು ಅಲೆದಾಗಲೆಲ್ಲ ಅದೇ ಮಾತು: "ದ್ವೀಪದಲ್ಲಿ ಎಲ್ಲರೂ ಕ್ಷೇಮ. ದೂರುಗಳು ತುಂಬಾ ಕಡಿಮೆಯಾಗಿವೆ." ಕಡಿಮೆಯಾಗದೇ ಏನು? ದೂರು ಕೊಡುವ ಬಾಯಿಗಳನ್ನೇ ಕಡಿಮೆ ಮಾಡಿದರೆ ಸರಿ. ಹಾಗೆ ಕೇಳಿದೆ. ಕಾವಲುಗಾರನನ್ನು ಕರೆದರು. ಪಾಪ, ಅವನು ಗೇಟಿನ ತನಕ ಬಂದು, "ಅಕ್ಕಾ, ನನ್ನ ಭಾವನೂ ಅಲ್ಲೇ ಇದಾನೆ, ಏನಾದ್ರೂ ಗೊತ್ತಾದ್ರೆ ನನಗೂ ಹೇಳಿ" ಅಂದ.

ಅಮ್ಮ ಕರೆಯುವುದನ್ನು ಬಿಡಲಿಲ್ಲ. ಕಾರ್ಖಾನೆಯ ಗದ್ದಲದಲ್ಲಿ ಅವಳ ದನಿ ನಾವು ಹುಟ್ಟುವ ಮೊದಲೇ ಒಡೆದಿತ್ತಲ್ಲ. ಅದಕ್ಕೇ ನಮ್ಮನ್ನು ಬೀದಿಯಿಂದ ಊಟಕ್ಕೆ ಕರೆಯಬೇಕಾದರೆ ಮಹಡಿಯ ಅಂಚಿಗೆ ಬಂದು ಸ್ಟೀಲಿನ ಲೋಟಕ್ಕೆ ಚಮಚದಿಂದ ಎರಡು ಸಲ ಬಡಿಯುತ್ತಿದ್ದಳು. ಬೀದಿಯ ಅಷ್ಟೂ ಮಕ್ಕಳಲ್ಲಿ ನಾವಿಬ್ಬರೇ ಓಡುತ್ತಿದ್ದೆವು. ಒಡೆದ ಆ ದನಿಯಲ್ಲೇ, ಮೀನಿನ ಮೂಳೆಯಂಥ ಆಂಟೆನಾವನ್ನು ಒಂದು ಕೈಯಲ್ಲಿ ಆಕಾಶಕ್ಕೆ ಹಿಡಿದು, ಉಪಗ್ರಹ ಸರಿದ ಕಡೆಗೆ ತಾನೂ ತಿರುಗುತ್ತ, ಮೊದಲು ರೇಡಿಯೊ ಲೈಸೆನ್ಸಿನಲ್ಲಿರುವ ತನ್ನ ಕರೆಸಂಕೇತ, ಆಮೇಲೆ ನಿನ್ನದು ಹೇಳುತ್ತಿದ್ದಳು. ಹೇಳಿ ಕಾಯುತ್ತಿದ್ದಳು. ಅಷ್ಟೇ. "ಎಲ್ಲಿದೀಯೋ", "ಯಾಕೋ ಮಾತಾಡಲ್ಲ" ಅಂತ ಒಂದು ದಿನವೂ ಅಂದವಳಲ್ಲ. ಗೋಳಾಡುವುದಕ್ಕೆ ಈ ಲೈಸೆನ್ಸ್ ಕೊಟ್ಟಿಲ್ಲ ಅನ್ನುತ್ತಿದ್ದಳು. ಉಪಗ್ರಹಕ್ಕೆ "ನಮ್ಮ ಮುದುಕಿ" ಅಂತ ಹೆಸರಿಟ್ಟಿದ್ದಾಳೆ. "ಆ ಮುದುಕಿಗೆ ಬ್ಯಾಟರಿ ಹೋಗಿದೆ, ಈ ಮುದುಕಿಗೆ ಮಂಡಿ ಹೋಗಿದೆ, ಇಬ್ರೂ ಬಿಸಿಲಿದ್ರೆ ಎದ್ದು ಕೂರ್ತೀವಿ."

ಇನ್ನು ಇಲ್ಲಿ ನಡೆದ ಕತೆ ಕೇಳು. ನಿನಗೆ ಗೊತ್ತಿರುವಂತೆ ಮುದುಕಿಯದು ಒಂದೇ ದಾರಿ. ಕೆಳಗಿನಿಂದ ಒಬ್ಬರು ಆಡಿದ್ದನ್ನು ಎತ್ತಿಕೊಂಡು ಅಷ್ಟೂ ನಾಡಿಗೆ, ಕಡಲಿಗೆ ಸುರಿಯುತ್ತಾಳೆ. ಒಬ್ಬರು ಆಡುವಾಗ ಇನ್ನೊಬ್ಬರು ಬಾಯಿ ಹಾಕಿದರೆ ಇಬ್ಬರದೂ ಕೆಡುತ್ತದೆ. ನಿನ್ನ ಕೈಸೆಟ್ಟಿನ ಸಣ್ಣ ದನಿ ಮೇಲಕ್ಕೆ ಮುಟ್ಟಬೇಕಾದರೆ ಉಳಿದವರು ಸುಮ್ಮನಿರಬೇಕು. ನೀನು ಮಾತು ನಿಲ್ಲಿಸಿದ ವಾರ, ನಮ್ಮ ಬೀದಿಯ ಟೈಲರಕ್ಕ ಸೆಟ್ಟಿನಲ್ಲಿ ಯಾರೊಂದಿಗೋ ಹರಟುತ್ತಿದ್ದವಳು ಅಮ್ಮನ ದನಿ ಕೇಳಿ ಅರ್ಧಕ್ಕೇ ನಿಲ್ಲಿಸಿದಳು. ಮರುದಿನ ವೆಲ್ಡರ್ ಮಾಮನೂ ಬಾಯಿ ಬಿಡಲಿಲ್ಲ. ಅದು ಹಾಗೇ ಹಬ್ಬಿತು. ನಮ್ಮ ಮುಖ ನೋಡದವರು, ನೂರಾರು ಮೈಲಿ ಆಚೆಯವರು, ಅವರಿಗೂ ಹೇಗೋ ತಿಳಿದು ಆ ಹೊತ್ತಿಗೆ "ಅಮ್ಮನ ಹೊತ್ತು" ಎಂದು ಹೆಸರಾಯಿತು. ಸಂಜೆ ಮಾತ್ರ ಇದ್ದದ್ದು, ಹುಡುಗ ಬೆಳಿಗ್ಗೆ ಕರೆದರೆ ಏನು ಗತಿ ಎಂದು ಬೆಳಿಗ್ಗೆಗೂ ಬಂತು. ಮುದುಕಿ ನಮಗೆ ಚೆನ್ನಾಗಿ ಸಿಗುವುದೇ ಆ ಎರಡು ಹೊತ್ತು. ಎಲ್ಲರೂ ಮಹಡಿಗೆ ಬರುತ್ತಾರೆ, ಆಂಟೆನಾ ಹಿಡಿಯುತ್ತಾರೆ, ಕಿವಿಗೆ ಸ್ಪೀಕರು ಒತ್ತಿಕೊಳ್ಳುತ್ತಾರೆ. ಅಮ್ಮ ಕರೆಯುತ್ತಾಳೆ. ಆಮೇಲೆ ಬರಿಯ ಸೊರ್ ಸದ್ದು. ಮುದುಕಿ ಮುಳುಗಿದ ಮೇಲೆ ಎದುರು ಮಹಡಿಯಿಂದ ವೆಲ್ಡರ್ ಮಾಮ ಕೈಯಲ್ಲೇ "ಬಂದನಾ?" ಅಂತ ಕೇಳುತ್ತಾನೆ. ಅವನೂ ಕೇಳಿಸಿಕೊಂಡವನೇ, ಬರಲಿಲ್ಲವೆಂದು ಗೊತ್ತಿದೆ. ಆದರೂ ಕೇಳುತ್ತಾನೆ. ನೀನು ಬಾಯಿಬಡುಕಿ ಎಂದು ಹೆಸರಿಟ್ಟ ನಾನೂ ಅಷ್ಟು ತಿಂಗಳು ಆಕಾಶಕ್ಕೆ ಒಂದು ಮಾತು ಹಾಕಲಿಲ್ಲ ಅಂದರೆ ನಂಬುತ್ತೀಯಾ?

ಕಳೆದ ತಿಂಗಳು ಉಪಗ್ರಹ ಸಂಘದ ನೋಟೀಸು ಬಂತು. "ಚಟುವಟಿಕೆ ತೀರಾ ಕಡಿಮೆ ಇರುವುದರಿಂದ" ಮಾತು ಸಾಗಿಸುವ ಯಂತ್ರವನ್ನು ನಿಲ್ಲಿಸಿ, ಬಿಸಿಲಿನಿಂದ ಸಿಗುವ ವಿದ್ಯುತ್ತನ್ನು ಬೇರೆ ಪರೀಕ್ಷೆಗಳಿಗೆ ಬಳಸುವುದಂತೆ. ಕಡಿಮೆ ಎನ್ನುವ ಈ ಪದದ ಪರಿಚಯ ನನಗೆ ಚೆನ್ನಾಗಿದೆ, ಅಣ್ಣಾ. ನಮ್ಮ ಬೀದಿಯ ಬಸ್ಸನ್ನು ಹೀಗೇ ನಿಲ್ಲಿಸಿದರು. ಮೊದಲು ಹೊತ್ತಿಗೆ ಸರಿಯಾಗಿ ಬಿಡಲಿಲ್ಲ, ಜನ ನಡೆದು ಹೋದರು, ಹತ್ತುವವರು ಕಡಿಮೆ ಎಂದು ಕಿತ್ತರು. ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದಾಗಲೂ ಬಳಕೆ ಕಡಿಮೆ ಎಂದೇ ಬರೆದಿದ್ದರು. ಒಳಗಿನಿಂದ ಚಿಲಕವೇ ಇಲ್ಲದ ಬಾಗಿಲು ಅದು, ಯಾವಳು ಹೋಗುತ್ತಾಳೆ? ಹನ್ನೊಂದು ದಿನ ಗೇಟಿನ ಮುಂದೆ ಕೂತು ಚಿಲಕ ಹಾಕಿಸಿದೆವು. ಆ ಬಿಸಿಯಲ್ಲೇ ನಾನು ಸಂಘದ ಸಭೆಗೆ ಹೋದೆ. ಅಮ್ಮನೂ ಬಂದಳು, ಕುತ್ತಿಗೆಗೆ ಶಾಲು ಸುತ್ತಿಕೊಂಡು.

ಸೈಕಲ್ ಅಂಗಡಿಯ ಮೇಲಿನ ಅದೇ ಕೋಣೆ. ಗೋಡೆಗೆ ಮುದುಕಿ ಹಾರಿದ ದಿನದ ಫೋಟೋ ಈಗಲೂ ಇದೆ. ನಮ್ಮ ಬೆಂಚಿನ ಹೆಂಗಸರು ಮಧ್ಯಾಹ್ನದ ಚಹಾ ಬಿಟ್ಟು ಚಂದಾ ಕೊಟ್ಟ ಉಪಗ್ರಹ, ಫೋಟೋದಲ್ಲಿ ಇರುವವರೆಲ್ಲ ಕೋಟು ಹಾಕಿದವರು. ಕಾರ್ಯದರ್ಶಿ ಕಾಗದ ಓದಿದರು. ನಾನು ಎದ್ದು ಬೈದೆ. ಬಸ್ಸು, ಬೀಗ, ಚಿಲಕ, ಎಲ್ಲ ಬಂತು. ದಿನಾ ಇಷ್ಟು ಜನ ಮಹಡಿ ಹತ್ತಿ ಕೇಳುತ್ತಿದ್ದೇವೆ, ನಾವು ಲೆಕ್ಕಕ್ಕಿಲ್ಲವಾ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. "ತಂಗೀ, ಮಾತಾಡಿದವರನ್ನ ಎಣಿಸಬಹುದು. ಕೇಳೋರನ್ನ ಎಣಿಸೋ ಯಂತ್ರ ಎಲ್ಲಿಂದ ತರಲಿ? ಎಲ್ಲಾ ಸ್ಟೇಷನ್ನೂ ಸುಮ್ಮನಿದೆ. ಒಂದೇ ಒಂದು ಕರೆ ದಿನಾ ಬರುತ್ತೆ, ಅದಕ್ಕೆ ಉತ್ತರ ಇಲ್ಲ." ಆ ಒಂದು ಕರೆ ಯಾರದೆಂದು ಅವರಿಗೆ ಗೊತ್ತಿರಲಿಲ್ಲ. ಮೂಲೆಯಲ್ಲಿ ಶಾಲು ಹೊದ್ದು ಕೂತವಳನ್ನು ಎಲ್ಲರೂ ನೋಡಿದಾಗ ಗೊತ್ತಾಯಿತು.

ಅಮ್ಮನಿಗೂ ಆಗಲೇ ಗೊತ್ತಾದದ್ದು. ನಿಜ ಹೇಳುತ್ತೇನೆ, ಬೇರೆಯವರು ಯಾಕೆ ಮಾತಾಡುತ್ತಿಲ್ಲ ಎಂದು ಅವಳಿಗೆ ಅಷ್ಟು ದಿನವೂ ಯಾರೂ ಹೇಳಿರಲಿಲ್ಲ. ಜನರಿಗೆ ಬೇಸರ ಬಂದಿದೆ, ಬೀದಿಯವರ ಹೊರತು ಎಲ್ಲರೂ ಮುದುಕಿಯನ್ನು ಬಿಟ್ಟು ಹೋಗಿದ್ದಾರೆ, ಮಾತಾಡುವವಳು ತಾನೊಬ್ಬಳೇ ಉಳಿದಿದ್ದೇನೆ ಎಂದುಕೊಂಡಿದ್ದಳು. ಟೈಲರಕ್ಕ ಅಳುತ್ತ ಹೇಳಿಬಿಟ್ಟಳು: "ನಿಮ್ಮ ಮಗನಿಗೆ ದಾರಿ ಇರ್ಲಿ ಅಂತ ಸುಮ್ಮನಿದ್ವಿ ಅಕ್ಕಾ." ಅಮ್ಮ ಮೂಲೆಯಿಂದ ಎದ್ದು ಅವಳ ಹತ್ತಿರ ಬಂದಳು. ಆಮೇಲೆ ಪಿಸುದನಿಯಲ್ಲಿ, "ದಾರಿ ಬಿಡ್ತೀವಿ ಅಂತ ದಾರೀನೇ ಮುಚ್ಚಿಸ್ಕೊಂಡ್ರಲ್ಲೇ" ಅಂದಳು. ಬೈದ ಹಾಗಿರಲಿಲ್ಲ. ಟೈಲರಕ್ಕನ ಕೈ ಹಿಡಿದುಕೊಂಡೇ ಅಂದಳು. ನನ್ನ ಅಷ್ಟು ದೊಡ್ಡ ಭಾಷಣ ಆ ಮಾತಿನ ಮುಂದೆ ನೀರಿಗೆ ಹೋಯಿತು. ಕೋಪ ಮಾಡಿಕೊಳ್ಳೋಣವೆಂದರೆ ಎದುರಿಗೆ ಶತ್ರು ಇರಲಿಲ್ಲ. ನಮ್ಮ ಒಳ್ಳೆಯತನವೇ ನಮ್ಮ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತ್ತು.

ಕಾರ್ಯದರ್ಶಿ ಒಂದು ಸಂಜೆ ಕೊಟ್ಟಿದ್ದಾರೆ. ಏಪ್ರಿಲ್ ಮೂರನೆಯ ಭಾನುವಾರ, ಸಂಜೆ ಮುದುಕಿ ಹಾದುಹೋಗುವಾಗ ಮೂವತ್ತು ಸ್ಟೇಷನ್ನುಗಳ ದನಿ ಕೇಳಿಸಿದರೆ ಬಾಗಿಲು ತೆರೆದಿರುತ್ತದೆ. ಇಲ್ಲವಾದರೆ ಆ ವಾರವೇ ನಿಲ್ಲಿಸುತ್ತಾರೆ. ಹಾದುಹೋಗಲು ಹನ್ನೆರಡು ನಿಮಿಷವೂ ಹಿಡಿಯುವುದಿಲ್ಲ. ಮೊದಲ ದಿನ ಅಭ್ಯಾಸ ಮಾಡಿದಾಗ ನಮ್ಮ ಅವಸ್ಥೆ ನೋಡಬೇಕಿತ್ತು. ಸುಮ್ಮನಿದ್ದು ಸುಮ್ಮನಿದ್ದು ರೂಢಿಯಾಗಿ ಮೊದಲು ಯಾರೂ ಬಾಯಿ ಬಿಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೇ ಬಿಟ್ಟರು. ಕಿವಿ ಹರಿಯುವಂಥ ಕೂಗು, ಒಂದು ಹೆಸರೂ ತಿಳಿಯಲಿಲ್ಲ. ವೆಲ್ಡರ್ ಮಾಮ, "ಶಾಸನಸಭೆ ಆಗೋಯ್ತು" ಅಂದ. ಕಾರ್ಖಾನೆಯ ನಲ್ಲಿಯ ಮುಂದೆ ನಿಂತ ಹಾಗೆ ಸರದಿ ಮಾಡಿ ಎಂದವಳು ಅಮ್ಮ. ಕರೆಸಂಕೇತ ಹೇಳು, ನಮಸ್ಕಾರ ಅನ್ನು, ಪಕ್ಕಕ್ಕೆ ಸರಿ. ನಿನಗೆಂದು ನಡುವೆ ಸ್ವಲ್ಪ ಹೊತ್ತು ಖಾಲಿ ಬಿಡೋಣ ಎಂದು ನಾವು ಹೇಳಿದರೆ ಒಪ್ಪಲಿಲ್ಲ. "ಅವನೇನು ಯಜಮಾನನಾ? ಎಲ್ಲರ ಹಾಗೆ ಸರದೀಲಿ ನಿಲ್ಲಲಿ." ಹಾಗೆ ಹೇಳಿ ಕೊನೆಯ ಸರದಿ ನಿನಗೆ ಇಟ್ಟಿದ್ದಾಳೆ. ಮುದುಕಿ ನಮಗೆ ಮುಳುಗುವ ಹೊತ್ತಿಗೆ ಕಡಲಿನ ಮೇಲೆ, ನಿನ್ನ ನೆತ್ತಿಯ ಹತ್ತಿರ ಇರುತ್ತಾಳೆ. ನಿನ್ನ ಸಣ್ಣ ದನಿಗೆ ಅದೇ ಒಳ್ಳೆಯ ಹೊತ್ತು. ಅದನ್ನೆಲ್ಲ ಲೆಕ್ಕ ಹಾಕಿಯೇ ಇಟ್ಟದ್ದು, ಮೇಲೆ ಮಾತ್ರ ಯಜಮಾನನಾ ಅಂತ ಜೋರು.

ನೀನಿಲ್ಲದೆಯೂ ಮೂವತ್ತೊಂದು ಜನ ಸೇರಿದ್ದಾರೆ. ಎಣಿಕೆ ತುಂಬಿಸಲೆಂದು ನಿನ್ನನ್ನು ಕರೆಯುತ್ತಿಲ್ಲ, ತಿಳಿದುಕೋ. ಬಾಗಿಲು ಉಳಿಯುತ್ತದೆ. ಉಳಿದ ಬಾಗಿಲಲ್ಲಿ ಯಾರೂ ಬರದಿದ್ದರೆ ಏನು ಮಾಡುವುದು ಎಂದು ಯಾವ ಹೋರಾಟವೂ ನನಗೆ ಕಲಿಸಿಲ್ಲ.

ಈ ಕಾಗದವನ್ನು ಸಾಮಾನಿನ ಹಡಗಿನ ಅಡುಗೆಯವರು ತರುತ್ತಾರೆ. ನನ್ನ ಬೆಂಚಿನ ಗೆಳತಿಯ ಗಂಡ, ನಂಬಬಹುದು. ಇಪ್ಪತ್ತು ದಿನದ ದಾರಿಯಂತೆ. ಅವರು ಕೊಡುವ ಹಿಟ್ಟಿನ ಮೂಟೆಯ ತಳದಲ್ಲಿ, ಬಟ್ಟೆ ಸುತ್ತಿ, ವೆಲ್ಡರ್ ಮಾಮನ ಕೈಸೆಟ್ಟು ಇದೆ. ನಿನ್ನದನ್ನು ಕಿತ್ತುಕೊಂಡಿರುತ್ತಾರೆ ಎಂಬುದು ಅವನ ಲೆಕ್ಕ. ಆ ಸಂಜೆ ಅವನು ಟೈಲರಕ್ಕನ ಸೆಟ್ಟಿನಲ್ಲಿ ತನ್ನ ಸರದಿ ಮುಗಿಸುತ್ತಾನೆ. "ನಾಲ್ಕು ವರ್ಷ ಕಲ್ಲು ಒಡೆದೋನು, ಗುಂಡಿ ಒತ್ತೋವಾಗ ಮೆತ್ತಗೆ ಒತ್ತು ಅಂತ ಬರಿ" ಎಂದಿದ್ದಾನೆ. ಬರೆದಿದ್ದೇನೆ. ಕಾವಲುಗಾರನ ಭಾವ ನಿನ್ನ ಜೊತೆ ಇದ್ದರೆ ಅವನ ಹೆಸರನ್ನೂ ಒಂದು ಸಲ ಆಕಾಶಕ್ಕೆ ಹೇಳು. ಅಲ್ಲಿರುವ ಎಲ್ಲರ ಹೆಸರೂ ಹೇಳಿದರೆ ಇನ್ನೂ ಒಳ್ಳೆಯದು. ಕಂಪನಿಯ ಕಚೇರಿಗೆ ನಾನು ಆ ಹೆಸರುಗಳನ್ನು ಹಿಡಿದೇ ಹೋಗುತ್ತೇನೆ.

ಟೈಲರಕ್ಕ ನಿನ್ನ ಅಳತೆ ಮರೆತಿಲ್ಲವಂತೆ. ಇಳಿದಿದ್ದರೆ ಒಳಗೆ ಹಿಡಿದು ಹೊಲಿಯುತ್ತಾಳಂತೆ, ಬಂದರೆ ಸಾಕು. ಬೀದಿಯವರೆಲ್ಲ ಕೇಳಿದ್ದಾರೆಂದು ತಿಳಿ. ಅಮ್ಮನ ಆಶೀರ್ವಾದ ನಿನಗೂ, ನಿನ್ನ ಜೊತೆ ಕೂತವರಿಗೂ.

ನಿನ್ನ ತಂಗಿ,
ಬಾಯಿಬಡುಕಿ

ಮರೆತಿಲ್ಲ, ಮುಂದೂಡುತ್ತ ಬಂದೆ, ಈಗ ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ. ಆ ಅಭ್ಯಾಸ ಮುಗಿದ ವಾರ ಅಮ್ಮನಿಗೆ ಗಂಟಲಿನ ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯನ್ನೂ ತೆಗೆದರು. ಇನ್ನು ಬರುವುದಿಲ್ಲ ಎಂದರು. ಜೀವಕ್ಕೆ ಸದ್ಯಕ್ಕೆ ಭಯವಿಲ್ಲ, ಆಮೇಲಿನದು ಡಾಕ್ಟರೂ ಹೇಳುತ್ತಿಲ್ಲ. ಈಗ ಮಹಡಿಯ ಮೇಲೆ ಅವಳ ಕರೆಸಂಕೇತವನ್ನು ನಾನು ಹೇಳುತ್ತೇನೆ, ನಿನ್ನನ್ನು ಅವಳೇ ಕರೆಯುತ್ತಾಳೆ. ಅಮ್ಮನ ದನಿ ಬರಲಿಲ್ಲವೆಂದು ತಪ್ಪು ತಿಳಿಯಬೇಡ, ಕೋಪ ಮಾಡಿಕೊಂಡಿದ್ದಾಳೆ ಎನ್ನಬೇಡ. ಮೈಕಿನಲ್ಲಿ ಲೋಟದ ಮೇಲೆ ಚಮಚ ಎರಡು ಸಲ ಬಡಿದರೆ ಅದು ನಿನಗೆ. ಮಾತಾಡಲು ಆಗದಿದ್ದರೆ, ಪಕ್ಕದಲ್ಲಿ ಯಾರಾದರೂ ಇದ್ದರೆ, ಮಾತು ಬೇಡ. ನೀನೂ ಎರಡು ಸಲ ಗುಂಡಿ ಒತ್ತು, ನಮಗೆ ತಿಳಿಯುತ್ತದೆ. ಅಂದಿನ ಸಭೆ ಆಕಾಶದಲ್ಲಿ: ಏಪ್ರಿಲ್ ೨೦, ಭಾನುವಾರ, ಸಂಜೆ ಆರು ಗಂಟೆ ಹತ್ತು ನಿಮಿಷ.