ಬಲಗಡೆಯಿಂದ ಓದಿದ ಹಾಳೆ

ಶಹಾಪುರ
೯ ಫೆಬ್ರವರಿ ೧೯೫೨

ಪ್ರೀತಿಯ ಅಣ್ಣಾ,

ನಿನ್ನ ತಮ್ಮ ಗುರಪ್ಪನ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಹನ್ನೆರಡು ವರ್ಷ ಕಚೇರಿಯಲ್ಲಿ ಮಡಿಸಿಕೊಂಡು ಕೂತ ಕಾಲು, ಈಗ ದೇವಾಪುರದಲ್ಲಿ ಕುರಿಗಳ ಹಿಂದೆ ದಿನವಿಡೀ ತಿರುಗು ಎಂದರೆ ತಕರಾರು ಮಾಡದೆ ಇರುತ್ತದೆಯೇ? ಸಾಬಣ್ಣ ಮಾವನ ಕೆಮ್ಮು ಇಳಿಯಿತೇ? ಇಲ್ಲಿ ಅವ್ವ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ತ್ರಾಣ ಇದೆ. ಅತ್ತಿಗೆ ಶಂಕ್ರಮ್ಮ ಬೈಯುವುದಿಲ್ಲ. ತಟ್ಟೆಗೆ ರೊಟ್ಟಿ ಹಾಕಿ, ಮುಖ ನೋಡದೆ ಒಳಗೆ ಹೋಗುತ್ತಾಳೆ. ಅದಕ್ಕಿಂತ ಅವ್ವನ ಬೈಗುಳವೇ ಹಿತ. ಕನ್ನಡ ಓದುವುದು ನಿನಗೆ ನಿಧಾನವೆಂದು ಅಕ್ಷರ ದಪ್ಪ ಬರೆದಿದ್ದೇನೆ. ಕುರಿ ಮೇಯುವ ಹೊತ್ತಿನಲ್ಲಿ ಸಾವಕಾಶ ಓದು.

ನಿನ್ನ ಕಚೇರಿಯ ಸುದ್ದಿ ಎಂದರೆ, ಉರ್ದು ಬೋರ್ಡು ಇಳಿದು ಇಂಗ್ಲಿಷಿನ ಹೊಸ ಬೋರ್ಡು ಏರಿದೆ. ಬಣ್ಣ ಒಣಗುವ ಮೊದಲೇ ಕಾಗೆಯೊಂದು ಕೂತು, ಯಾವ ಭಾಷೆಗೂ ಸೇರದ ಒಂದು ಅಕ್ಷರವನ್ನು ಹೆಚ್ಚಿಗೆ ಬರೆದು ಹೋಗಿದೆ. ನಿಜಾಮರ ಕಾಲದ ಕಡತಗಳೆಲ್ಲ ಗಂಟು ಕಟ್ಟಿಸಿಕೊಂಡು ಅಟ್ಟ ಸೇರಿದವು. ಅವನ್ನು ಬರೆದವರು ಇಂಗ್ಲಿಷ್ ಪರೀಕ್ಷೆಗೆ ಕೂತರು. ನಿನ್ನ ಪಕ್ಕದಲ್ಲೇ ಕೂತು ಬರೆಯುತ್ತಿದ್ದ ಖಾಜಾಹುಸೇನ, “ಅಟ್ಟದಾಗ ನಮಗೂ ಒಂದೀಟು ಜಾಗಾ ಇದ್ದಿದ್ರ ಚಲೋ ಇತ್ತು” ಅನ್ನುತ್ತಾನೆ.

ದಸರೆಯ ರಜೆಯಲ್ಲಿ ನೀನು ಶೇರ್ವಾನಿಯ ಗುಂಡಿ ಬಿಚ್ಚುತ್ತಾ ನನ್ನೆದುರು ಕೂತದ್ದು ದಿನಕ್ಕೆ ಹತ್ತು ಸಲ ನೆನಪಾಗುತ್ತದೆ. “ತಮ್ಮಾ, ನಾ ಉರ್ದು ಬರದು ಬರದು ನಿನ್ನ ಇಂಗ್ಲಿಷ್ ಕಾಲೇಜಿಗಿ ಹಾಕೀನಿ. ಈಗ ನೀ ನನಗ ಇಂಗ್ಲಿಷ್ ಕಲಸು. ಪಾಸಾಗಲಿಲ್ಲಂದ್ರ ನೌಕರಿ ಉಳಿಯಂಗಿಲ್ಲ” ಎಂದಿದ್ದೆ. ಕಲಿಸಿದೆ. ನೀನು ಕಲಿಯುವ ಹಾಗಲ್ಲ, ನಾನು ಮೆರೆಯುವ ಹಾಗೆ. ಒಂದು ಪದ ಕೇಳಿದರೆ ಅದರ ನೆಂಟರಿಷ್ಟರನ್ನೆಲ್ಲ ಕರೆತರುವುದು ನನ್ನ ಚಾಳಿ. ಲೈಟ್ ಎಂಬ ಪದಕ್ಕೇ ಒಂದು ಹಾಳೆ ಮೀಸಲಿಟ್ಟೆ. ಇದೊಂದು ಊರೂರು ಅಲೆಯುವ ಗಿರಾಕಿ ಅಣ್ಣಾ, ಕಂದೀಲಿನ ಪಕ್ಕ ಕೂತರೆ ಬೆಳಕು, ಹತ್ತಿಯ ಅರಳೆಯ ಪಕ್ಕ ಕೂತರೆ ಹಗುರ, ಸೀರೆಯ ಪಕ್ಕ ತಿಳಿಬಣ್ಣ, ಬೀಡಿಯ ಪಕ್ಕ ಹಚ್ಚು ಎಂದು ನಾನು ಹೇಳಿದಾಗ ನೀನು ನಕ್ಕಿದ್ದೆ. ಅದೇ ನೀನು ನಕ್ಕ ಕೊನೆಯ ಪಾಠ.

ಹಾಳೆಯನ್ನು ಹತ್ತಿ ತೂಗುವ ತಕ್ಕಡಿಯಂತೆ ಮಾಡಿದ್ದೆ. ನಡುವೆ ಪದ, ಎಡಗಡೆ ಅದರ ಅರ್ಥಗಳು, ಬಲಗಡೆ ಕತ್ತಲೆ, ಭಾರ, ಕಡುಬಣ್ಣ, ಆರಿಸು ಎಂಬ ವಿರುದ್ಧ ಪದಗಳು. ಯಾವುದು ಯಾವುದೆಂದು ಮೇಲೆ ಬರೆಯಲಿಲ್ಲ. ಅದೂ ತಿಳಿಯುವುದಿಲ್ಲವೇ ಎಂಬ ಸೊಕ್ಕು. ಚಿಕ್ಕಂದಿನಿಂದ ಉರ್ದು ಓದಿದ ನಿನ್ನ ಕಣ್ಣು ಬಲಗಡೆಯಿಂದ ಹೊರಟಿತು. ನಾನು ಬಾಯಲ್ಲಿ ಹೇಳಿದ್ದನ್ನು ನನ್ನ ಎಂದಿನ ತಮಾಷೆ ಎಂದು ಬಿಟ್ಟು, ಹಾಳೆಯಲ್ಲಿ ಮೊದಲು ಸಿಕ್ಕದ್ದನ್ನೇ ಅರ್ಥವೆಂದು ತಿಳಿದೆ. ಹಾಗೆ ನಲವತ್ತು ಹಾಳೆ, ನಲವತ್ತು ಪದ, ಒಂದೂ ಬಿಡದೆ ತಲೆಕೆಳಗಾಗಿ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಸಾಹೇಬರು ಲೈಟ್ ಎಂದರೇನು ಎಂದು ಕೇಳಿದಾಗ ಎದ್ದು ನಿಂತು, “ಕತ್ತಲಿರಿ. ಭಾರರಿ” ಎಂದೆಯಂತೆ. ನಗು ಬಿದ್ದಾಗ ಇನ್ನೂ ಗಟ್ಟಿಯಾಗಿ ಹೇಳಿದೆಯಂತೆ, ತಮ್ಮ ಕಲಿಸಿದ್ದು ತಪ್ಪಿರಲಾರದು ಎಂಬ ಧೈರ್ಯದಿಂದ.

ಅವತ್ತು ನೀನು ಮನೆಗೆ ಬಂದು ಶೇರ್ವಾನಿ ಗೂಟಕ್ಕೆ ಹಾಕಿ, ಅಪ್ಪನ ಹಳೆಯ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೆ. ನಾನು? ಪರೀಕ್ಷೆಯಲ್ಲಿ ನೀನು ಕೊಟ್ಟ ಉತ್ತರವನ್ನೇ ಚಹಾದಂಗಡಿಯಲ್ಲಿ ಅಭಿನಯಿಸಿ ತೋರಿಸಿದೆ. ನಾಲ್ಕು ಜನ ನಕ್ಕರು. ಐದನೆಯವನು ಖಾಜಾಹುಸೇನ, ಲೋಟ ಕೆಳಗಿಟ್ಟು, “ಗುರಪ್ಪ, ನಿಮ್ಮ ಅಣ್ಣ ತಪ್ಪು ಓದಿಲ್ಲ. ನಾವೆಲ್ಲ ಹಂಗೇ ಓದೋದು. ಬರದವ್ಗೇ ಅಕಲ್ ಇರಲಿಲ್ಲ” ಎಂದ. ಮನೆಗೆ ಬಂದರೆ ಅವ್ವ, “ನಿನ್ನ ಹಲ್ಲು ಊರಿಗೆಲ್ಲ ಕಾಣ್ತಾವ, ಅವನ ಮಾರಿ ನನಗ ಕಾಣವಲ್ದು” ಎಂದಳು. ಅಂದಿನಿಂದ ನನಗೆ ಒಂದು ತಮಾಷೆಯೂ ಹೊಳೆದಿಲ್ಲ. ಹೊಳೆದರೂ ಅದನ್ನು ಹೇಳಲು ನೀನು ಬೇಕು.

ಅವ್ವನ ಆಶೀರ್ವಾದ, ಅತ್ತಿಗೆಯ ಮೌನ, ಎರಡನ್ನೂ ಈ ಕಾಗದದಲ್ಲೇ ಮಡಿಸಿದ್ದೇನೆ. ಮಾವನಿಗೆ ನನ್ನ ಶರಣು ಹೇಳು.

ನಿನ್ನ ತಮ್ಮ,
ಗುರಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಮೇಲೆ ಬರೆಯದೆ ಬಿಟ್ಟದ್ದು ಇದು. ಪರೀಕ್ಷೆಗೆ ಎರಡು ದಿನ ಇರುವಾಗ ನೀನು ಅಂಗಳದಲ್ಲಿ, “ಲೈಟ್ ಅಂದ್ರ ಭಾರ” ಎಂದು ಉರು ಹೊಡೆಯುವುದನ್ನು ಕೇಳಿದ್ದೆ. ಹೇಳಲಿಲ್ಲ. ಇನ್ನಷ್ಟು ಕೇಳಿ ನಗೋಣ, ನಾಳೆ ತಿದ್ದಿದರಾಯಿತು ಎಂದುಕೊಂಡೆ. ಮರುದಿನ ಗೆಳೆಯನ ಮದುವೆಗೆಂದು ಯಾದಗಿರಿಗೆ ಹೋದೆ. ಫೇಲಾದವರಿಗೆ ಮಾರ್ಚ್ ಮೂರಕ್ಕೆ ಮತ್ತೊಮ್ಮೆ ಪರೀಕ್ಷೆ, ಅದೇ ಕೊನೆಯದು. ಖಾಜಾಹುಸೇನ ನಿನ್ನ ಹೆಸರು ಬರೆಸಿದ್ದಾನೆ. ನನಗೆ ಉರ್ದುವಿನ ಅಲಿಫ್ ಬೇ ಹೇಳಿಕೊಡುತ್ತಿರುವವನೂ ಅವನೇ. ಈ ಸಲದ ನಿನ್ನ ಪಾಠಕ್ಕೆಂದು ಹೊಸ ನೋಟುಬುಕ್ಕನ್ನು ಬಲಗಡೆಯಿಂದ ಶುರು ಮಾಡಿದ್ದೇನೆ. ನನ್ನ ಉರ್ದು ಅಕ್ಷರ ನೋಡಿ ನಗು ಬಂದರೆ, ದಯವಿಟ್ಟು ಇಲ್ಲಿಗೆ ಬಂದು ನಗು.